ನಿಮಗಿದು ಗೊತ್ತೆ? ಕವಳದ ಸುದ್ದಿ ಫ್ರಾನ್ಸ್‌ವರೆಗೆ
ಶಿರಸಿ ಬಳಿಯ ಸೋಂದಾ ಕಡೆ ಮನೆಗೆ ಬಂದವರಿಗೆ ಆಸರಿಯಾದ ಮೇಲೆ ಕವಳದ, ಅಂದರೆ ಎಲೆ-ಅಡಿಕೆಯ, ಬಟ್ಟಲು ಮುಂದಿಡುವುದು ವಾಡಿಕೆ. ಆ ಬಟ್ಟಲಿನ ಅಡಿಕೆಯ ವಿಚಾರಣೆ ಫ್ರಾನ್ಸಿನ ಲಿಯಾನ್ ನಗರದಲ್ಲೂ ನಡೆದಿದೆ. ಅಲ್ಲಿರುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ. 1965ರಲ್ಲಿ ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬ್ರಿಟನ್, ಅಮೆರಿಕ ಕೂಡಿ ಕಟ್ಟಿದ್ದು. ಭಾರತ ಸೇರಿದ್ದು 2006ರಲ್ಲಿ. ನಾನಾ ದೇಶಗಳ ತಜ್ಞರು 2003ರಲ್ಲಿ ಅಲ್ಲಿ ಕಲೆತು, ಹೊಗೆಸೊಪ್ಪಿಲ್ಲದ ಕವಳವೂ ಬರಿಯ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆ ಎಂದು ಅವನ್ನು ಮೊದಲ ಗುಂಪಿಗೆ ಸೇರಿಸಿದರು. ಈ ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ಎಂಬುದನ್ನಲ್ಲ. ಅಡಿಕೆಯನ್ನೇ ನಂಬಿದ ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರಿಗೆ ಇದು ನೋವಿನ ಮಾತು, ನಿಜ, ಆದರೂ ಮುಚ್ಚಿಡುವಂಥದ್ದಲ್ಲ. ಕವಳ ಹಾಕುವವರಿಗೆ ಖಾರ ತಾಗಿದರೆ ಬಾಯಿ ಉರಿಯುತ್ತಿದ್ದರೆ, ಬಾಯಿ ಮೊದಲಿನಷ್ಟು ಅಗಲ ತೆರೆಯದಿದ್ದರೆ, ತಡಮಾಡದೆ ವೈದ್ಯರಿಗೆ ತೋರಿಸಬೇಕು.