ಎದೆಹಾಲು ಕುಡಿಯುವ ಕೂಸಿಗೂ ವಿಟಮಿನ್ ಡಿ ಹನಿ ಬೇಕೇ?

ಪ್ರಶ್ನೆ: ಮಗಳು ಬಾಣಂತಿ. ಮೊಮ್ಮಗುವಿಗೆ ಡಾಕ್ಟರು ವಿಟಮಿನ್ ಡಿ ಹನಿ ಬರೆದುಕೊಟ್ಟಿದ್ದಾರೆ. ಎದೆಹಾಲು, ಎಳೆಬಿಸಿಲು ಸಾಲದೇ?

ಉತ್ತರ: ಸಾಲದಮ್ಮ, ಹನಿ ತಪ್ಪಿಸಬೇಡಿ. ಎದೆಹಾಲಿಗೆ ಸಾಟಿಯಿಲ್ಲ, ನಿಜ. ಆದರೆ ವಿಟಮಿನ್ ಡಿ ಮಾತ್ರ ಅದರಲ್ಲಿ ತೀರ ಕಡಿಮೆ. ಸಾಮಾನ್ಯವಾಗಿ ಲೀಟರಿಗೆ 100 ಯೂನಿಟ್ ಕೂಡ ಇರುವುದಿಲ್ಲ. ಕೂಸಿಗೆ ದಿನಕ್ಕೆ ಬೇಕಾದದ್ದು 400. ಹುಟ್ಟುವಾಗ ಅದರ ಮೈಯಲ್ಲಿರುವ ಅಲ್ಪಸ್ವಲ್ಪವೂ ಗರ್ಭದಲ್ಲಿ ತಾಯಿಯಿಂದಲೇ ಬಂದದ್ದು. ಅವಳಿಗೇ ಕೊರತೆಯಿದ್ದರೆ ಮಗುವಿಗೂ ಕೊರತೆ. ಕೊರತೆ ಹೆಚ್ಚಾದರೆ ಮೂಳೆ ಮೆತ್ತಗಾಗಿ ಕಾಲು ಬಾಗುವ ರಿಕೆಟ್ಸ್ ಬರಬಹುದು.

ಎಳೆಬಿಸಿಲು ಹಿತ, ಆದರೆ ಚರ್ಮದಲ್ಲಿ ವಿಟಮಿನ್ ಡಿ ಹುಟ್ಟಿಸುವ ಅತಿನೇರಳೆ ಬಿ ಕಿರಣಗಳು ಆ ಹೊತ್ತಿನಲ್ಲಿ ಬಹಳ ಕಡಿಮೆ. ಸೂರ್ಯ ಕೆಳಗಿದ್ದಾಗ ಕಿರಣಗಳು ವಾತಾವರಣದಲ್ಲಿ ಹೆಚ್ಚು ದೂರ ಸಾಗಬೇಕು, ದಾರಿಯಲ್ಲೇ ಬಹುಪಾಲು ಓಝೋನ್ ಹೀರಿಬಿಡುತ್ತದೆ. ಅವು ಚೆನ್ನಾಗಿ ಸಿಗುವುದು ಸುಮಾರು 11ರಿಂದ 3 ಗಂಟೆಯೊಳಗೆ. ಹಾಗೆಂದು ಹಸುಗೂಸನ್ನು ಆ ಬಿಸಿಲಿಗೆ ಒಡ್ಡಬೇಡಿ! ಮಗಳು ಮಾತ್ರ ಕೈಕಾಲಿಗೆ ಬಿಸಿಲು ತಾಗುವಂತೆ ಸ್ವಲ್ಪ ಹೊತ್ತು ಕೂರಲಿ. ಗಾಳಿ ತಾಗಬಾರದೆಂದು ಬಾಣಂತಿಯನ್ನು ಕತ್ತಲೆ ಕೋಣೆಯಲ್ಲೇ ಇರಿಸುವ ರೂಢಿಯನ್ನು ದಯವಿಟ್ಟು ಬಿಡಿ. ಮುಚ್ಚಿದ ಗಾಜಿನ ಕಿಟಕಿಯೂ ಈ ಕಿರಣಗಳನ್ನು ತಡೆಯುತ್ತದೆ.

ಬಸುರಿಗೂ ಬಾಣಂತಿಗೂ ದಿನಕ್ಕೆ 600 ಯೂನಿಟ್ ಬೇಕು. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ, ಆದರೆ ಅದನ್ನು ಕರುಳು ಚೆನ್ನಾಗಿ ಹೀರಿಕೊಳ್ಳಲು ವಿಟಮಿನ್ ಡಿಯೇ ಬೇಕು. ಕೊರತೆ ಕಂಡುಬಂದರೆ ಪ್ರಮಾಣವನ್ನು ವೈದ್ಯರೇ ಹೇಳಲಿ. ಮಗುವಿನ ಹನಿಯ ಸೀಸೆಗಳೂ ಒಂದೇ ಸಮನಲ್ಲ: ಕೆಲವದರಲ್ಲಿ 1 ಎಂ.ಎಲ್.ಗೆ 400, ಕೆಲವದರಲ್ಲಿ 800 ಯೂನಿಟ್. ಸೀಸೆ ಬದಲಾದಾಗಲೆಲ್ಲ ಲೇಬಲ್ ಓದಿಯೇ ಹಾಕಿ.