ಯಂತ್ರ ಕಳಿಸುವ ಸುದ್ದಿ ಯಾರ ಫೋನಿಗೆ?



ಡೈರಿಯಲ್ಲಿ ಹಾಲು ಅಳೆಯುವ ಯಂತ್ರ, ಹೊಲದಲ್ಲಿ ಪಂಪಿನ ಮೊಬೈಲ್ ಸ್ಟಾರ್ಟರು, ಸಂತೆಯ ಅಂಗಡಿಯಲ್ಲಿ "ಐವತ್ತು ರೂಪಾಯಿ ಬಂದಿದೆ" ಅಂತ ಕೂಗುವ ಪುಟ್ಟ ಡಬ್ಬಿ. ಇವೆಲ್ಲ ಈಗ ನಿಮಗೆ ಹೊಸದಲ್ಲ. ನೋಡಲು ಬೇರೆ ಬೇರೆಯಾದರೂ ಇವುಗಳ ಕೆಲಸದ ರೀತಿ ಒಂದೇ. ನಿಮ್ಮ ಮೊಬೈಲಿನಲ್ಲಿರುವಂಥ ಸಿಮ್ ಮೂಲಕವೋ ಇಂಟರ್ನೆಟ್ ಮೂಲಕವೋ ಇವು ಸುದ್ದಿ ಕಳಿಸುತ್ತವೆ, ಸುದ್ದಿ ಪಡೆಯುತ್ತವೆ. ಎಲ್ಲೋ ದೂರದ ಕಂಪ್ಯೂಟರಿನಲ್ಲಿ ಲೆಕ್ಕ ಉಳಿಯುತ್ತದೆ.

ಇಂಥ ವ್ಯವಸ್ಥೆಗೆ 'ಇಂಟರ್ನೆಟ್ ಆಫ್ ಥಿಂಗ್ಸ್', ಅಂದರೆ ವಸ್ತುಗಳ ಇಂಟರ್ನೆಟ್ ಎನ್ನುತ್ತಾರೆ. 1999ರಲ್ಲಿ ಕೆವಿನ್ ಆಷ್ಟನ್ ಎಂಬುವರು ಈ ಹೆಸರು ಕೊಟ್ಟರು. ಅವರು ಸೋಪು, ಲಿಪ್‌ಸ್ಟಿಕ್ ಮಾರುವ ಕಂಪನಿಯಲ್ಲಿದ್ದರು. ಅಂಗಡಿಯಲ್ಲಿ ಯಾವ ಬಣ್ಣದ ಲಿಪ್‌ಸ್ಟಿಕ್ ಖಾಲಿಯಾಗಿದೆ ಎಂದು ಕಪಾಟೇ ಹೇಳುವಂತಾದರೆ ಎಷ್ಟು ಚೆನ್ನ ಎಂಬುದು ಅವರ ಚಿಂತೆಯಾಗಿತ್ತು. ಆ ಲಿಪ್‌ಸ್ಟಿಕ್ ಚಿಂತೆ ಈಗ ನಮ್ಮ ಹಾಲಿನ ಕ್ಯಾನಿನವರೆಗೂ ಬಂದಿದೆ!

ಹಾಲಿನ ವಿಷಯವನ್ನೇ ಸ್ವಲ್ಪ ವಿವರವಾಗಿ ನೋಡೋಣ. ಹಿಂದೆ ಫ್ಯಾಟು ನೋಡಲು ಗರ್ಬರ್ ವಿಧಾನವಿತ್ತು. ಗಾಜಿನ ಕೊಳವೆಗೆ 10 ಮಿಲಿ ಗಂಧಕಾಮ್ಲ, 10.75 ಮಿಲಿ ಹಾಲು, 1 ಮಿಲಿ ಅಮೈಲ್ ಆಲ್ಕೋಹಾಲ್ ಹಾಕಿ, ಯಂತ್ರದಲ್ಲಿ ತಿರುಗಿಸಿ, ಮೇಲೆ ಬಂದ ಕೊಬ್ಬಿನ ಗೆರೆಯನ್ನು ಓದಬೇಕಿತ್ತು. ಆಸಿಡ್ ಸಿಡಿದರೆ ಕೈ ಸುಡುವ ಕೆಲಸ. ಓದುವುದು ಪರೀಕ್ಷಕರು, ಪುಸ್ತಕದಲ್ಲಿ ಬರೆಯುವುದೂ ಅವರೇ. ಈಗ ಅನೇಕ ಸಂಘಗಳಲ್ಲಿರುವ ಯಂತ್ರ ಹಾಲಿನೊಳಗೆ ನಮ್ಮ ಕಿವಿಗೆ ಕೇಳದ ಶಬ್ದದ ಅಲೆ ಹಾಯಿಸಿ, ಒಂದೆರಡು ನಿಮಿಷದೊಳಗೆ ಫ್ಯಾಟು, ಎಸ್‌ಎನ್‌ಎಫ್ ಎರಡನ್ನೂ ಹೇಳುತ್ತದೆ. ಪಕ್ಕದ ತಕ್ಕಡಿಯಿಂದ ತೂಕ ಬರುತ್ತದೆ. ಚೀಟಿ ಅಚ್ಚಾಗುತ್ತದೆ. ಎಷ್ಟೋ ಕಡೆ ಸದಸ್ಯರ ಫೋನಿಗೆ ಮೆಸೇಜೂ ಹೋಗುತ್ತದೆ. ಕೆಲವು ಕಡೆ ಹಾಲು ತಂಪು ಮಾಡುವ ಟ್ಯಾಂಕು ಕೂಡ 4 ಡಿಗ್ರಿ ದಾಟಿ ಬಿಸಿಯಾದರೆ ತಾನೇ ಸುದ್ದಿ ಕೊಡುತ್ತದೆ. ಹಾಲು ಒಯ್ಯುವ ಟ್ಯಾಂಕರ್ ಎಲ್ಲಿ ನಿಂತಿತು ಎಂಬುದೂ ಜಿಪಿಎಸ್‌ನಿಂದ ತಿಳಿಯುತ್ತದೆ.

ಹಾಗಂತ ಯಂತ್ರ ಹೇಳಿದ್ದೆಲ್ಲ ಸರಿ ಅಂತ ತಿಳಿಯಬಾರದು. ಹಾಲನ್ನು ಚೆನ್ನಾಗಿ ಕಲಕದೆ ಮೇಲಿನಿಂದಲೋ ತಳದಿಂದಲೋ ಸ್ಯಾಂಪಲ್ ತೆಗೆದರೆ ಫ್ಯಾಟು ಹೆಚ್ಚುಕಡಿಮೆ ಬರುತ್ತದೆ. ಯಂತ್ರವನ್ನು ದಿನಾ ತೊಳೆಯಬೇಕು, ಆಗಾಗ ಹೊಂದಿಸಬೇಕು. "ಮಿಷಿನ್ ತೊಳ್ದು ಎಷ್ಟು ದಿನ ಆಯ್ತು?" ಅಂತ ಕೇಳಲು ಸಂಕೋಚ ಬೇಡ. ಸದಸ್ಯರಿಗೆ ಆ ಹಕ್ಕಿದೆ.

ಇನ್ನು ಮುಖ್ಯ ಮಾತು. ಮೇವು ತರುವವರು ನೀವು, ಸಗಣಿ ಬಾಚುವವರು ನೀವು, ಹಾಲು ಕರೆಯುವವರೂ ನೀವು. ಆದರೆ ಎಷ್ಟೋ ಮನೆಗಳಲ್ಲಿ ಡೈರಿಯ ಸದಸ್ಯತ್ವ ಯಜಮಾನರ ಹೆಸರಿನಲ್ಲಿ, ಮೆಸೇಜು ಅವರ ಫೋನಿಗೆ. ಫ್ಯಾಟು ನಾಲ್ಕು ದಿನದಿಂದ ಇಳಿಯುತ್ತಿದ್ದರೆ ಹಸುವಿಗೆ ಹುಲ್ಲು, ಒಣಮೇವು ಸಾಲುತ್ತಿಲ್ಲವೇನೋ. ಎಸ್‌ಎನ್‌ಎಫ್ ಇಳಿದರೆ ಕೆಚ್ಚಲು ಬಾವು ಶುರುವಾಗಿರಬಹುದು. ಈ ಅಂಕಿ ಹಸುವಿನ ಹತ್ತಿರ ಇರುವವರಿಗೆ ತಿಳಿಯಬೇಕಲ್ಲವೇ? ಬಟವಾಡೆಯ ಹಣಕ್ಕೂ ಇದೇ ಮಾತು. ಸರ್ಕಾರ 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಆರಂಭಿಸಿದ ಪ್ರೋತ್ಸಾಹಧನ ಆಮೇಲೆ ಹೆಚ್ಚಿದೆ. ಅದೂ ಬರುವುದು ಸದಸ್ಯರ ಹೆಸರಿನ ಖಾತೆಗೇ.

ಮೊಬೈಲ್ ಸ್ಟಾರ್ಟರಿನಿಂದ ರಾತ್ರಿ ತ್ರೀ ಫೇಸ್ ಬಂದಾಗ ಹಾವು ಹುಳದ ಭಯದಲ್ಲಿ ಹೊಲಕ್ಕೆ ಓಡುವುದು ತಪ್ಪಿತು, ಅದು ಒಳ್ಳೆಯದೇ. ಆದರೆ ಯಜಮಾನರು ದುಡಿಯಲು ಪಟ್ಟಣಕ್ಕೆ ಹೋಗಿದ್ದರೆ ಪಂಪೂ ಅವರ ಜೇಬಿನಲ್ಲೇ ಹೋದಂತೆ! ಅನೇಕ ಸ್ಟಾರ್ಟರುಗಳಲ್ಲಿ ಒಂದಕ್ಕಿಂತ ಹೆಚ್ಚು ನಂಬರ್ ಸೇರಿಸಲು ಬರುತ್ತದೆ. ನಿಮ್ಮದನ್ನೂ ಸೇರಿಸಲು ಹೇಳಿ.

ಅಂಗಡಿಯ ಡಬ್ಬಿಯಿಂದ ಒಂದು ದೊಡ್ಡ ಉಪಕಾರವಿದೆ. ಗಿರಾಕಿ ತನ್ನ ಫೋನಿನಲ್ಲಿ ತೋರಿಸುವ ಚಿತ್ರ ನಕಲಿಯಾಗಿರಬಹುದು. ಡಬ್ಬಿ ಕೂಗುವುದು ಆ ಫೋನನ್ನು ನೋಡಿ ಅಲ್ಲ, ನಿಮ್ಮ ಖಾತೆಯ ಕಡೆಯಿಂದ ಸುದ್ದಿ ಬಂದ ಮೇಲೆ. ಆದ್ದರಿಂದ ಡಬ್ಬಿ ಕೂಗುವವರೆಗೆ ಸಾಮಾನು ಕೊಡಬೇಡಿ. ಇದಕ್ಕೆ ತಿಂಗಳ ಬಾಡಿಗೆ ಇರಬಹುದು, ಮೊದಲೇ ಕೇಳಿ.

ಸಂಘದ ಉಪ್ಪಿನಕಾಯಿ, ಹಪ್ಪಳ ಮಾರುವಾಗ ಒಬ್ಬ ಸದಸ್ಯೆಯ ಮಗನ ಕ್ಯೂಆರ್ ಕೋಡ್ ಇಟ್ಟುಕೊಳ್ಳುವುದು ಮಾತ್ರ ಸರಿಯಲ್ಲ. ಹಣ ಅವನ ಖಾತೆಗೆ, ಲೆಕ್ಕ ನಮ್ಮ ಪುಸ್ತಕಕ್ಕೆ. ಜಗಳಕ್ಕೆ ಇಷ್ಟು ಸಾಕು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿಯೇ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೆಂಗಳೂರಿನಲ್ಲಿ ಕೆಲವರು ಹೆದರಿ ಕ್ಯೂಆರ್ ಹಲಗೆಯನ್ನೇ ಕಿತ್ತಿಟ್ಟರು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಮುಖ್ಯಮಂತ್ರಿಗಳು ಹೇಳಿದ ಮೇಲೆ ಗದ್ದಲ ತಣ್ಣಗಾಯಿತು. ಆಗ ಹೇಳಿದ ಮಿತಿ ಸಾಮಾನು ಮಾರಿದರೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ. ನಮ್ಮ ಸಂಘಗಳು ಅಷ್ಟು ದೂರ ಹೋಗಿಲ್ಲ. ಆದರೂ ಮನೆಯ ಹಣ, ಕೈಸಾಲ, ಸಂಘದ ವ್ಯಾಪಾರ ಎಲ್ಲ ಒಂದೇ ಖಾತೆಗೆ ಬಿದ್ದರೆ ಆಮೇಲೆ ಬೇರ್ಪಡಿಸುವುದು ಕಷ್ಟ.

ಮುಂದಿನ ತಿಂಗಳ ಸಭೆಯಲ್ಲಿ ಪ್ರತಿಯೊಬ್ಬರೂ ಡೈರಿ ಚೀಟಿ ಮತ್ತು ಪಾಸ್‌ಬುಕ್ ತನ್ನಿ. ಯಾವುದು ಯಾರ ನಂಬರಿಗೆ ಜೋಡಿಸಿದೆ ಎಂದು ಒಟ್ಟಿಗೆ ನೋಡೋಣ. ಡೈರಿಯಲ್ಲಿ ನಂಬರ್ ಬದಲಿಸಲು ಕಾರ್ಯದರ್ಶಿಯವರಿಗೆ ಬರಹದಲ್ಲಿ ಅರ್ಜಿ ಕೊಡಿ; ಸದಸ್ಯತ್ವ ಯಜಮಾನರದ್ದಾದರೆ ಅವರ ಸಹಿ ಬೇಕು. ಬ್ಯಾಂಕಿಗೆ ಖಾತೆದಾರರೇ ಆಧಾರ್ ಕಾರ್ಡ್, ಪಾಸ್‌ಬುಕ್ ಹಿಡಿದು ಹೋಗಬೇಕು. ಸಂಘದ ಖಾತೆಯಾದರೆ ಠರಾವಿನ ಪುಸ್ತಕವನ್ನೂ ಒಯ್ಯಿರಿ. ಫೋನಿನಲ್ಲಿ ಯಾರಾದರೂ "ನಂಬರ್ ಬದಲಾಯಿಸಿ ಕೊಡ್ತೀವಿ, ಒಟಿಪಿ ಹೇಳಿ" ಅಂದರೆ ಫೋನ್ ಇಟ್ಟುಬಿಡಿ.