ಆಸ್ಪತ್ರೆಯಲ್ಲಿ ರಕ್ತ ಯಾರಿಗೆ ಕೊಡ್ತಾರೆ?

ಗೆಳೆಯರೇ, ರಕ್ತ ಕೊಡೋದು ಅಪಘಾತ ಆದವರಿಗೆ ಮಾತ್ರ ಅಂತ ತುಂಬಾ ಜನ ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ.

ದಾನವಾಗಿ ಬಂದ ರಕ್ತವನ್ನು ಯಂತ್ರದಲ್ಲಿ ಜೋರಾಗಿ ತಿರುಗಿಸಿ ಕೆಂಪು ರಕ್ತಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಅಂತ ಬೇರೆ ಮಾಡುತ್ತಾರೆ. ಕೆಂಪು ಕಣಗಳ ಕೆಲಸ ಆಮ್ಲಜನಕ ಹೊರುವುದು. ಇವು ತೀರಾ ಕಡಿಮೆ ಆದರೆ ಜೀವಕ್ಕೇ ಅಪಾಯ.

ಇವು ಯಾರಿಗೆಲ್ಲಾ ಬೇಕು?

1. ಹೆರಿಗೆಯಲ್ಲಿ ತುಂಬಾ ರಕ್ತ ಹೋದ ತಾಯಂದಿರಿಗೆ. ನಮ್ಮ ಚಿಕ್ಕಮ್ಮನಿಗೆ ಹೀಗಾದಾಗ ಎರಡು ಬಾಟಲಿ ಕೊಟ್ಟರು, ಉಳಿದುಕೊಂಡರು.
2. ಅಪಘಾತ, ದೊಡ್ಡ ಆಪರೇಷನ್ ಆದವರಿಗೆ.
3. ತಲಸ್ಸೀಮಿಯಾ ಎಂಬ ಹುಟ್ಟುಕಾಯಿಲೆ ಜೋರಾಗಿರುವ ಮಕ್ಕಳಿಗೆ. ಇವರಿಗೆ 2ರಿಂದ 4 ವಾರಕ್ಕೊಮ್ಮೆ ಬೇಕೇ ಬೇಕು.
4. ರಕ್ತಹೀನತೆ ವಿಪರೀತ ಆದವರಿಗೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಶ್ರೀಮಂತ ದೇಶಗಳಲ್ಲಿ ರಕ್ತ ಹೆಚ್ಚಾಗಿ ಹೋಗುವುದು 60 ದಾಟಿದ ಅಜ್ಜ-ಅಜ್ಜಿಯರಿಗೆ. ಬಡ ದೇಶಗಳಲ್ಲಿ ಶೇಕಡಾ 54ರವರೆಗೆ 5 ವರ್ಷದೊಳಗಿನ ಮಕ್ಕಳಿಗೆ! ಮಲೇರಿಯಾ, ರಕ್ತಹೀನತೆಯೇ ಇದಕ್ಕೆ ದೊಡ್ಡ ಕಾರಣ.

ಕೆಂಪು ಕಣಗಳನ್ನು ಫ್ರಿಜ್ಜಿನಲ್ಲಿ ಇಟ್ಟರೂ ಹೆಚ್ಚೆಂದರೆ 42 ದಿನ ಇರುತ್ತವೆ. ಅದಕ್ಕೇ ವರ್ಷಪೂರ್ತಿ ದಾನಿಗಳು ಬೇಕು. 18 ವರ್ಷ ತುಂಬುವವರೆಗೆ ನಾವು ಕೊಡುವಂತಿಲ್ಲ. ಆದರೆ ಒಂದು ಕೆಲಸ ಮಾಡಬಹುದು. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಕಿಟಕಿಯಿಂದ ಎಸೆಯದೆ ಊಟ ಆದ ಮೇಲೆ ನುಂಗೋಣ. ಸೊಪ್ಪು, ಕಾಳು, ನೆಲ್ಲಿಕಾಯಿ ತಿನ್ನೋಣ. ನಮಗೆ ರಕ್ತ ಹಾಕಿಸುವ ಗತಿ ಬಾರದಿದ್ದರೆ, ಆ ಬಾಟಲಿ ತಲಸ್ಸೀಮಿಯಾ ಇರುವ ಮಗುವಿಗೆ ಸಿಗುತ್ತದೆ.

— 7ನೇ ತರಗತಿ